ಹಾಕುವ ಮೊದಲು ತೆಗೆದದ್ದು: ಬೋಗಾದಿ ಕಡೆಯ ಒಂದು ಟೊಮೆಟೊ ಕೈತೋಟದ ಪ್ರಕರಣ

ಜಾಗ ಮೈಸೂರಿನ ಬೋಗಾದಿ ಕಡೆಯ ಒಂದು ಬಡಾವಣೆ. 40–60ರ ಸೈಟು. ಮನೆ ಕಟ್ಟಿ ಮಿಕ್ಕಿರುವುದು ಪೂರ್ವಕ್ಕೆ 10 ಅಡಿ ಅಗಲ, 20 ಅಡಿ ಉದ್ದದ ಒಂದು ಪಟ್ಟಿ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಒಳ್ಳೆ ಬಿಸಿಲು ಬೀಳುತ್ತದೆ. ಟೊಮೆಟೊಗೆ ಅಷ್ಟು ಸಾಕು. ಮನೆಯಲ್ಲಿ ಇಬ್ಬರೇ: ನಿವೃತ್ತರಾದ ಮೇಷ್ಟ್ರು ಮತ್ತು ಅವರ ಹೆಂಡತಿ. ತೋಟದ ಆಸೆ ಅಮ್ಮನದು, ಗುದ್ದಲಿ ಹಿಡಿಯುವ ಕೆಲಸ ಮೇಷ್ಟ್ರದು. ಕೈತೋಟ ಮಾಡಿಕೊಡುವುದು ನನ್ನ ಕಸುಬು. ಹಾಗಾಗಿ ಫೋನ್ ಬಂತು. ಬಂದದ್ದು ತಳಿ ಕೇಳುವುದಕ್ಕೆ.

"ಯಾವ ಸಸಿ ನೆಟ್ಟರೂ ಏಳ್ತಿಲ್ಲ. ಒಂದು ಒಳ್ಳೆ ತಳಿ ಹೇಳಿ" ಎಂದರು ಮೇಷ್ಟ್ರು.

ಹೋಗಿ ನೋಡಿದರೆ ತಳಿಯ ದೋಷ ಅನ್ನುವಂಥದ್ದು ಏನೂ ಕಾಣಲಿಲ್ಲ. ಗಿಡಗಳು ಮೊಣಕಾಲುದ್ದ ಬಂದು ನಿಂತುಬಿಟ್ಟಿದ್ದವು. ಸುಳಿಯ ಎಲೆಗಳು ಹಳದಿ, ಅದರಲ್ಲಿ ನರಗಳು ಮಾತ್ರ ಹಸಿರು. ಕಾಯಿ ಕಚ್ಚಿದ್ದು ಕಡಿಮೆ. ಕಚ್ಚಿದ ಕಾಯಿಗಳೂ ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ಬುಡದಲ್ಲಿ ಕಪ್ಪಗೆ, ಚಪ್ಪಟೆಯಾಗಿ ಕೊಳೆಯುತ್ತಿದ್ದವು. ಹಿಂದಿನ ದಿನ ಹಾಕಿದ ನೀರು ಎರಡು ಕಡೆ ಇನ್ನೂ ನಿಂತಿತ್ತು. ಒಣಗಿದ ಕಡೆ ಮೇಲೆ ಗಟ್ಟಿ ಪದರ, ಅದರ ಮೇಲೆ ಸಣ್ಣ ಬಿರುಕು.

ಅಷ್ಟರಲ್ಲಿ ಅವರು ಆ ನೆಲಕ್ಕೆ ಏನೇನು ಹಾಕಿದ್ದರು ಅಂತ ಕೇಳಿದೆ. ಕೊಟ್ಟಿಗೆ ಗೊಬ್ಬರ ಹಾಕಿದ್ದರು, ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಪ್ರತಿ ಬುಡಕ್ಕೂ ಹಾಕಿದ್ದರು, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರ ಕೊಟ್ಟಿದ್ದರು. ಕಾಯಿ ಕೊಳೆಯುವುದಕ್ಕೆ ಸುಣ್ಣದ ಕೊರತೆ ಕಾರಣ ಅಂತ ಯಾರೋ ಹೇಳಿದ್ದರಂತೆ. ಹಾಗಾಗಿ ಮೊಟ್ಟೆ ಚಿಪ್ಪಿನ ಪುಡಿ, ಸೌದೆ ಒಲೆಯ ಬೂದಿ, ಕೊನೆಗೆ ಗೋಡೆಗೆ ಬಳಿದು ಉಳಿದಿದ್ದ ಸುಣ್ಣವನ್ನೂ ಬಿಟ್ಟಿರಲಿಲ್ಲ. "ಇನ್ನೇನು ಹಾಕ್ಬೇಕು ಹೇಳಿ, ಅದನ್ನೂ ತರಿಸ್ತೀನಿ" ಎಂದರು ಅಮ್ಮ. ಸ್ವಲ್ಪ ಸಿಟ್ಟಿನಲ್ಲೇ ಅಂದರು ಅನ್ನಿ.

ಅಗೆದಾಗ ಕಂಡದ್ದು

ಮೊದಲು ಒಂದು ಗಿಡ ಕಿತ್ತೆವು. ಎಳೆದು ಕೀಳಲಿಲ್ಲ, ಸುತ್ತ ಅಗೆದು ಮಣ್ಣಿನ ಸಮೇತ ಎತ್ತಿ ಬಕೆಟ್ಟಿನ ನೀರಿನಲ್ಲಿ ತೊಳೆದೆವು. ಬೇರು ಕೆಳಕ್ಕೆ ನಾಲ್ಕು ಬೆರಳಿನಷ್ಟು ಇಳಿದಿತ್ತು. ಅಲ್ಲಿಂದ ಎಲ್ಲ ಬೇರೂ ಒಟ್ಟಿಗೆ ಪಕ್ಕಕ್ಕೆ ತಿರುಗಿಬಿಟ್ಟಿತ್ತು. ತುದಿಗಳು ದಪ್ಪಗಾಗಿ, ಕಂದುಬಣ್ಣಕ್ಕೆ ಬಂದಿದ್ದವು. ಬೇರಿನಲ್ಲಿ ಗಂಟು ಇದೆಯಾ ಅಂತ ಬೆರಳಾಡಿಸಿ ನೋಡಿದೆ. ಇರಲಿಲ್ಲ. ಅಂದರೆ ಜಂತುಹುಳುವಿನ ಕಾಟ ಅಲ್ಲ. ಕಾಂಡ ಕತ್ತರಿಸಿ ಒಂದು ಲೋಟ ತಿಳಿನೀರಿನಲ್ಲಿ ನಿಲ್ಲಿಸಿದೆವು. ಸೊರಗು ರೋಗದ ಬ್ಯಾಕ್ಟೀರಿಯಾ ಇದ್ದರೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯುತ್ತದೆ. ಅದೂ ಕಾಣಲಿಲ್ಲ.

ಆಮೇಲೆ ಆ ಪಟ್ಟಿಯಲ್ಲಿ ಮೂರು ಕಡೆ ಒಂದೂವರೆ ಅಡಿ ಗುಂಡಿ ತೋಡಿದೆವು. ಮೇಲಿನ ಅರ್ಧ ಅಡಿ ಕೆಂಪು ಮಣ್ಣು. ಅದರ ಕೆಳಗೆ ಗುದ್ದಲಿ ಟಣ್ ಎಂದಿತು. ಹಾರೆ ತಂದರು ಮೇಷ್ಟ್ರು. ಎದ್ದದ್ದು ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟ್ ಚೀಲದ ಹರಕು, ಒಣಗಿ ಕಲ್ಲಾದ ಗಾರೆಯ ಹೆಂಟೆಗಳು. ಮನೆ ಕಟ್ಟುವಾಗ ಗಾರೆ ಕಲಸಿದ್ದು ಇದೇ ಜಾಗದಲ್ಲಿ ಅಂತ ಆಗ ನೆನಪಾಯಿತು ಅವರಿಗೆ. ಇಟ್ಟಿಗೆ ಲಾರಿ, ಮರಳು ಟ್ರ್ಯಾಕ್ಟರ್ ಎಲ್ಲ ನಿಂತು ತಿರುಗಿದ್ದೂ ಇಲ್ಲೇ. ಕೆಲಸ ಮುಗಿಸಿ ಹೋಗುವಾಗ ಕಂಟ್ರಾಕ್ಟರ್ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿ ಚೆಂದ ಮಾಡಿಕೊಟ್ಟಿದ್ದ. ಹೊಸ ಬಡಾವಣೆಗಳಲ್ಲಿ ಹತ್ತು ಮನೆ ನೋಡಿದರೆ ಎಂಟರಲ್ಲಿ ಇದೇ ಕಥೆ.

ಗುಂಡಿಗೆ ಸಂಜೆ ನೀರು ತುಂಬಿಸಿ ಬಿಟ್ಟೆವು. ಸುತ್ತಲಿನ ಮಣ್ಣು ನೆನೆಯಲಿ ಅಂತ. ಮಾರನೇ ದಿನ ಬೆಳಗ್ಗೆ ಮತ್ತೆ ತುಂಬಿಸಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿದರು ಮೇಷ್ಟ್ರು. ಬೇರಿಗೆ ಹಿತವಾದ ಮಣ್ಣಿನಲ್ಲಿ ಗಂಟೆಗೆ ಒಂದರಿಂದ ಮೂರು ಇಂಚು ನೀರು ಇಳಿಯಬೇಕು. ಇಲ್ಲಿ ಸಂಜೆ ಹೊತ್ತಿಗೂ ಅರ್ಧ ಗುಂಡಿ ನೀರು ಹಾಗೇ ಇತ್ತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿ ಇಲ್ಲದ ಕಡೆ ಬೇರು ಉಸಿರಾಡುವುದಿಲ್ಲ. ಉಸಿರಾಡದ ಬೇರು ಎಷ್ಟೇ ಗೊಬ್ಬರ ಕೊಟ್ಟರೂ ಎಳೆದುಕೊಳ್ಳುವುದಿಲ್ಲ. ಇವರು ಇಷ್ಟು ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು.

ಇನ್ನೊಂದು ಪರೀಕ್ಷೆ ಅಡುಗೆಮನೆಯಿಂದಲೇ ಆಯಿತು. ಗುಂಡಿಯ ತಳದಿಂದ ಒಂದು ಹಿಡಿ ಒಣ ಮಣ್ಣು ತಟ್ಟೆಗೆ ಹಾಕಿ ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ಸುರ್ ಎಂದು ಸಣ್ಣಗೆ ಸದ್ದು ಮಾಡುತ್ತಾ ಬಿಳಿ ನೊರೆ ಎದ್ದಿತು. ಮಣ್ಣಿನಲ್ಲಿ ಬಿಡಿ ಸುಣ್ಣದ ಅಂಶ ಇದ್ದರೆ ಹುಳಿ ತಾಗಿದ ಕೂಡಲೇ ಹೀಗೆ ನೊರೆ ಬರುತ್ತದೆ. ಮೇಲ್ಮಣ್ಣಿಗೆ ಹಿಂಡಿದಾಗ ನೊರೆ ಕಡಿಮೆ, ಆದರೆ ಇತ್ತು. ಪಕ್ಕದ ಖಾಲಿ ಸೈಟಿನಲ್ಲಿ ಬೇಲಿ ಬುಡದ ಮಣ್ಣು ತಂದು ಅದಕ್ಕೂ ಹಿಂಡಿದೆವು. ಏನೂ ಆಗಲಿಲ್ಲ. ಅಲ್ಲಿಗೆ ಈ ಸುಣ್ಣ ನೆಲದ್ದಲ್ಲ, ಗಾರೆಯದು ಎಂಬುದು ಸ್ಪಷ್ಟವಾಯಿತು. ಅದರ ಮೇಲೆ ಚಿಪ್ಪು, ಬೂದಿ, ಗೋಡೆ ಸುಣ್ಣ ಬೇರೆ ಬಿದ್ದಿತ್ತು.

ಬಾಟಲಿ ಪರೀಕ್ಷೆಯೂ ಮಾಡಿದೆವು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು, ಚೆನ್ನಾಗಿ ಕುಲುಕಿ ಇಟ್ಟೆವು. ನಿಮಿಷದೊಳಗೆ ಕೂತದ್ದು ಮರಳು, ಅದೇ ಅರ್ಧಕ್ಕಿಂತ ಜಾಸ್ತಿ. ಇದನ್ನು ಹೇಳುವುದಕ್ಕೆ ಕಾರಣ ಇದೆ. ಗಟ್ಟಿ ನೆಲ ಕಂಡ ಕೂಡಲೇ "ಮರಳು ಹಾಕಿ, ಸಡಿಲ ಆಗುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಮೈಸೂರಿನ ಕೆಂಪು ಮಣ್ಣಿನಲ್ಲಿ ಮರಳಿಗೆ ಬರ ಇಲ್ಲ. ಬರ ಇರುವುದು ಮರಳಿನ ಕಣಗಳನ್ನು ಸಣ್ಣ ಸಣ್ಣ ಉಂಡೆ ಮಾಡಿ ಹಿಡಿದಿಡುವ ಸಾವಯವ ಅಂಶಕ್ಕೆ.

ವರದಿ

ಕಣ್ಣಳತೆಯ ಪರೀಕ್ಷೆ ಎಷ್ಟೇ ಮಾಡಿದರೂ ಪೋಷಕಾಂಶದ ಲೆಕ್ಕ ಪ್ರಯೋಗಾಲಯದಲ್ಲೇ ಸಿಗಬೇಕು. ಈ ಭಾಗದವರಿಗೆ ಅದೇನು ದೂರ ಅಲ್ಲ. ಮೈಸೂರು ಜಿಲ್ಲೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ, ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇದೆ. ಎಲ್ಲಿ ಕೊಡಬೇಕು ಅಂತ ಗೊತ್ತಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳನ್ನು ನೋಡುತ್ತಾರೆ. ಕೈತೋಟಕ್ಕೂ ಅದೇ 12 ಸಾಕು.

ಮಾದರಿ ತೆಗೆಯುವಾಗ ಜನ ಕೆಡಿಸುತ್ತಾರೆ. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷ್ ವಿ ಅಕ್ಷರದ ಹಾಗೆ ಅರ್ಧ ಅಡಿ ಗುಂಡಿ ತೆಗೆದು, ಅದರ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆರೆಯಬೇಕು. ಹೀಗೆ ಏಳೆಂಟು ಕಡೆ. ಎಲ್ಲ ಕಲಸಿ ವೃತ್ತ ಮಾಡಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಸಾಡಬೇಕು. ಅರ್ಧ ಕೆಜಿ ಉಳಿಯುವ ತನಕ ಇದನ್ನೇ ಮಾಡುವುದು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಬೇಕು. ಮೇಷ್ಟ್ರು ಅಚ್ಚುಕಟ್ಟಾಗಿ ಎಲ್ಲ ಮಾಡಿ, ಕೊನೆಗೆ ಡಿಎಪಿ ಬಂದಿದ್ದ ಖಾಲಿ ಚೀಲಕ್ಕೆ ತುಂಬಲು ಹೊರಟಿದ್ದರು. ಅಮ್ಮ ತಡೆದರು: "ಅಯ್ಯೋ ರೀ, ಅದ್ರಲ್ಲಿ ಹಾಕಿದ್ರೆ ಗೊಬ್ಬರದ ಪರೀಕ್ಷೆ ಆಗುತ್ತೆ."

ಬಂದ ವರದಿಯ ತಿರುಳು ಇದು. ರಸಸಾರ, ಅಂದರೆ ಪಿಎಚ್, 8.4. ಟೊಮೆಟೊಗೆ ಬೇಕಾದ್ದು 6ರಿಂದ 7. ಲವಣಾಂಶ ಮಾಮೂಲು. ಸಾವಯವ ಇಂಗಾಲ ನೂರಕ್ಕೆ 0.28. ಇದು 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ ಅನ್ನುತ್ತಾರೆ. ಪೊಟ್ಯಾಷ್ ಮಧ್ಯಮ. ಸತು ಮತ್ತು ಕಬ್ಬಿಣ ಎರಡೂ ಕಡಿಮೆ. ರಂಜಕ ಮಾತ್ರ ವಿಪರೀತ ಜಾಸ್ತಿ.

ಈ ಕೊನೆಯ ಸಾಲು ನೋಡಿ ಮೇಷ್ಟ್ರಿಗೆ ಆಶ್ಚರ್ಯ. ಹಿಡಿಗಟ್ಟಲೆ ಹಾಕಿದ ಡಿಎಪಿ ಅಲ್ಲೇ ಕೂತಿತ್ತು. ರಂಜಕ ಸಾರಜನಕದ ಹಾಗೆ ನೀರಿನ ಜೊತೆ ಹರಿದು ಹೋಗುವುದಿಲ್ಲ, ಬಿದ್ದಲ್ಲೇ ಮಣ್ಣಿಗೆ ಅಂಟಿಕೊಳ್ಳುತ್ತದೆ. ಸುಣ್ಣ ಇರುವ ಮಣ್ಣಿನಲ್ಲಿ ಇನ್ನೂ ಬಿಗಿಯಾಗಿ ಅಂಟುತ್ತದೆ. ಅತಿಯಾದರೆ ಸತು ಮತ್ತು ಕಬ್ಬಿಣ ಗಿಡಕ್ಕೆ ಸಿಗದ ಹಾಗೆ ಮಾಡುತ್ತದೆ. ರಸಸಾರ 8 ದಾಟಿದ ಮಣ್ಣಿನಲ್ಲಿ ಆ ಎರಡೂ ಮೊದಲೇ ಕರಗುವುದಿಲ್ಲ. ಸುಳಿ ಹಳದಿ, ನರ ಹಸಿರು ಅಂತ ಮೊದಲ ದಿನ ಕಂಡಿದ್ದಕ್ಕೆ ಇದೇ ಉತ್ತರ. ಕಬ್ಬಿಣ ಗಿಡದೊಳಗೆ ಹಳೇ ಎಲೆಯಿಂದ ಹೊಸ ಎಲೆಗೆ ಓಡಾಡುವುದಿಲ್ಲ. ಅದಕ್ಕೇ ಕೊರತೆ ಸುಳಿಯಲ್ಲಿ ಮೊದಲು ಕಾಣುತ್ತದೆ.

ಕಾಯಿಯ ಬುಡ ಕೊಳೆಯುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಾಯಿಗೆ ತಲುಪದೇ ಇರುವುದರಿಂದ. ಅಷ್ಟರ ಮಟ್ಟಿಗೆ ಅವರಿಗೆ ಹೇಳಿದವರ ಮಾತು ಸರಿಯೇ. ಆದರೆ ಈ ಮಣ್ಣಿನಲ್ಲಿ ಸುಣ್ಣ ಬೇಕಾದ್ದಕ್ಕಿಂತ ಹೆಚ್ಚಿತ್ತು. ಕ್ಯಾಲ್ಸಿಯಂ ಗಿಡದಲ್ಲಿ ನೀರಿನ ಜೊತೆಗೇ ಏರುವುದು. ಬೇರು ಚಿಕ್ಕದು, ನೀರು ಒಂದು ದಿನ ಕೆಸರಾಗುವಷ್ಟು, ಎರಡು ದಿನ ಏನೂ ಇಲ್ಲ. ಎಲೆಗಳು ಸಿಕ್ಕ ನೀರನ್ನು ಎಳೆದುಕೊಳ್ಳುತ್ತವೆ, ಕಾಯಿಯ ತುದಿಗೆ ಸಿಗುವುದಿಲ್ಲ. ಮೊಟ್ಟೆ ಚಿಪ್ಪು ಇದಕ್ಕೆ ಏನು ಮಾಡೀತು ಹೇಳಿ? ಹುಳಿ ಮಣ್ಣಿನಲ್ಲೇ ಅದು ಕರಗಲು ತಿಂಗಳುಗಟ್ಟಲೆ ಬೇಕು. ಇಲ್ಲಿ ಕರಗುವ ಮಾತೇ ಇಲ್ಲ. ಚಿಪ್ಪಿನ ಚೂರುಗಳು ಹಾಕಿದ ಹಾಗೇ ಮಣ್ಣಿನಲ್ಲಿ ಹೊಳೆಯುತ್ತಿದ್ದವು.

ಜಿಪ್ಸಂ ಚರ್ಚೆ

ವರದಿ ಬಂದ ವಾರವೇ ಅಮ್ಮನ ತಮ್ಮ ಬಂದಿದ್ದರು. ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿ ಗದ್ದೆ ಇರುವವರು. 8.4 ಅಂತ ನೋಡಿ ಒಂದೇ ಮಾತು: "ಭಾವ, ಇದು ಚೌಳು. ಜಿಪ್ಸಂ ಹೊಡೆದು ನೀರು ಕಟ್ಟಿ. ನಮ್ಮ ಗದ್ದೆ ಹಂಗೇ ಸರಿ ಮಾಡಿದ್ದು."

ಅವರು ಅವರ ಗದ್ದೆಗೆ ಮಾಡಿದ್ದು ನೂರಕ್ಕೆ ನೂರು ಸರಿ. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ತಗ್ಗಿನ ಗದ್ದೆಗಳಲ್ಲಿ ನೀರು ಬಸಿಯದೆ ಚೌಳು ಏಳುತ್ತದೆ. ಅಲ್ಲಿನ ತೊಂದರೆ ಸೋಡಿಯಂ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ. ತಳ್ಳಿದ ಸೋಡಿಯಂ ನೀರಿನ ಜೊತೆ ಬಸಿದು ಹೋಗಬೇಕು. ಬಸಿಗಾಲುವೆ ಇಲ್ಲದೆ ಸುಮ್ನೆ ಜಿಪ್ಸಂ ಚೆಲ್ಲಿದರೆ ಅಲ್ಲೂ ಪ್ರಯೋಜನ ಇಲ್ಲ.

ಮೇಷ್ಟ್ರ ಮನೆಯ 8.4 ಬೇರೆ ಜಾತಿಯದು. ಬಿಡಿ ಸುಣ್ಣದಿಂದ ಏರಿದ ರಸಸಾರ ಸಾಮಾನ್ಯವಾಗಿ 8.4ರ ಆಸುಪಾಸಿನಲ್ಲೇ ನಿಲ್ಲುತ್ತದೆ. 8.5 ದಾಟಿ 9ರ ಕಡೆ ಹೋಗುತ್ತಿದ್ದರೆ ಸೋಡಿಯಂ ಬಗ್ಗೆ ಅನುಮಾನ ಪಡಬೇಕು. ಇಲ್ಲಿ ನೊರೆ ಬಂದಿದೆ, ಗಾರೆ ಸಿಕ್ಕಿದೆ, ಲವಣಾಂಶ ಮಾಮೂಲಾಗಿದೆ. ಸುಣ್ಣವೇ ಹೆಚ್ಚಿರುವ ಮಣ್ಣಿಗೆ ಇನ್ನೊಂದು ರೂಪದ ಕ್ಯಾಲ್ಸಿಯಂ ಹಾಕಿ ಏನು ಮಾಡುವುದು? ಅವರ ಮುಂದೆ ಹೀಗೆಲ್ಲ ಹೇಳಿದಾಗ "ಸರಿ, ಹಂಗಾದ್ರೆ ಗಂಧಕ ಹಾಕಿ" ಎಂದರು. ಬಿಡುವ ಆಸಾಮಿ ಅಲ್ಲ.

ಗಂಧಕದ ಲೆಕ್ಕ ಕೂತು ಹಾಕಿದೆವು. 200 ಚದರ ಅಡಿಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಮೂರೂವರೆ ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಭಾಗ ಸುಣ್ಣದಕಲ್ಲಿನ ಅಂಶ ಅಂದುಕೊಂಡರೂ 35 ಕೆಜಿ ಆಯಿತು. 100 ಕೆಜಿ ಸುಣ್ಣದಕಲ್ಲನ್ನು ಕರಗಿಸಲು 32 ಕೆಜಿ ಗಂಧಕ ಬೇಕು. ಹಾಗಾಗಿ ಇಲ್ಲಿಗೆ 11 ಕೆಜಿ. ಅದು ಮಣ್ಣಿನ ಬ್ಯಾಕ್ಟೀರಿಯಾ ಮೂಲಕ ಆಮ್ಲವಾಗಿ ಕೆಲಸ ಮಾಡಲು ತಿಂಗಳುಗಳು ಬೇಕು, ಅಷ್ಟೂ ಮುಗಿದ ಮೇಲೆ ರಸಸಾರ ಇಳಿಯಲು ಶುರುವಾಗುವುದು. ಅಷ್ಟರಲ್ಲಿ ಕೆಳಗಿನ ಗಾರೆ ಹೆಂಟೆಗಳು ಮತ್ತೆ ಸುಣ್ಣ ಬಿಡುತ್ತಿರುತ್ತವೆ. ಹೆಂಟೆಗಳನ್ನು ಆರಿಸಿ ಹೊರಗೆ ಹಾಕುವುದೇ ಅಗ್ಗ ಅಂತ ಮೇಷ್ಟ್ರೇ ಹೇಳಿದರು.

ಕೆಲಸ

ಬೇಸಿಗೆಯಲ್ಲಿ ಆ ನೆಲ ಮುಟ್ಟುವ ಹಾಗಿರಲಿಲ್ಲ. ಒಣಗಿದ ಕೆಂಪು ಮಣ್ಣಿಗೆ ಹಾರೆ ಹಾಕಿದರೆ ಕೈ ನೋಯುತ್ತದೆ ಅಷ್ಟೇ. ಏಪ್ರಿಲ್‌ನಲ್ಲಿ ಎರಡು ಒಳ್ಳೆ ಮಳೆ ಬೀಳಲಿ ಅಂತ ಕಾದೆವು. ಮಳೆಯಾದ ಮಾರನೇ ದಿನವೇ ಅಗೆಯುವುದೂ ತಪ್ಪು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಹೆಬ್ಬೆರಳಿನಲ್ಲಿ ತಟ್ಟಿದರೆ ಉದುರಬೇಕು. ಅಂಟಿಕೊಂಡು ನಿಂತರೆ ಇನ್ನೂ ಹಸಿ, ಆಗ ಅಗೆದರೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ.

ಇಬ್ಬರು ಆಳು ಹಿಡಿದು ಒಂದೂವರೆ ಅಡಿ ಆಳ ಸಡಿಲ ಮಾಡಿಸಿದೆವು. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಎರಡನ್ನೂ ಕಲಸಲಿಲ್ಲ. ಗಾರೆ ಹೆಂಟೆ, ಪ್ಲಾಸ್ಟರ್ ಚೂರು, ಸಿಮೆಂಟ್ ಮೆತ್ತಿದ ಜಲ್ಲಿ ಬಾಂಡ್ಲಿಗಟ್ಟಲೆ ಹೊರಗೆ ಹೋಯಿತು. ಇಟ್ಟಿಗೆ ಚೂರಿನಿಂದ ಅಷ್ಟು ತೊಂದರೆ ಇಲ್ಲ, ಅದನ್ನು ಮಧ್ಯದ ಓಡಾಡುವ ದಾರಿಗೆ ಹಾಸಿದೆವು. ಉತ್ತರದ ತುದಿಯ ಎರಡಡಿ ಮಾತ್ರ ಒಂದೇ ಕಾಂಕ್ರೀಟ್ ಹಲಗೆ. ಒಡೆಸುವ ಖರ್ಚು ಕೇಳಿ ಅದನ್ನು ಬಿಟ್ಟುಬಿಟ್ಟೆವು. ಈಗ ಅಲ್ಲಿ ಕರಿಬೇವು, ದೊಡ್ಡಪತ್ರೆಯ ಕುಂಡಗಳಿವೆ.

ಉಳಿದ 18 ಅಡಿಯಲ್ಲಿ ನಾಲ್ಕಡಿ ಅಗಲದ ಎರಡು ಏರುಮಡಿ, ನಡುವೆ ಎರಡಡಿ ದಾರಿ. ಮಡಿಯ ಮೇಲೆ ಇನ್ನು ಮುಂದೆ ಯಾರೂ ಕಾಲಿಡಬಾರದು ಅಂತ ಮೊದಲೇ ಮಾತಾಗಿತ್ತು. ನಾಲ್ಕಡಿ ಇಟ್ಟದ್ದೂ ಅದಕ್ಕೇ, ಎರಡು ಕಡೆಯಿಂದಲೂ ಕೈ ಎಟುಕುತ್ತದೆ. ಅಂಚಿಗೆ ಸೈಜುಗಲ್ಲು ಸುಮ್ನೆ ಜೋಡಿಸಿದೆವು, ಸಿಮೆಂಟ್ ಬಳಸಲಿಲ್ಲ.

ಮಡಿ ಎತ್ತರಿಸಲು ಮಣ್ಣು ಬೇಕಾಯಿತು. ಇಲ್ಲಿ ಎಚ್ಚರ ಬೇಕು. "ಕೆಂಪು ಮಣ್ಣು" ಅಂತ ಟ್ರ್ಯಾಕ್ಟರಿನಲ್ಲಿ ಬರುವುದು ಬಹಳ ಸಲ ಯಾರದೋ ಮನೆಯ ಪಾಯ ತೋಡಿದ ಮಣ್ಣು. ಬಣ್ಣ ಚೆನ್ನಾಗಿರುತ್ತದೆ, ಜೀವ ಇರುವುದಿಲ್ಲ. ನಾವು ಹೊಲದ ಮೇಲ್ಮಣ್ಣು ಒಂದು ಪಾಲು, ಹಳ್ಳಿ ಕೆರೆಯ ಗೋಡು ಅರ್ಧ ಪಾಲು ತರಿಸಿದೆವು. ಕೆರೆ ಗೋಡು ಅಂದ ಕೂಡಲೇ ಹತ್ತಿರದ ಊರ ಕೆರೆಗೆ ಹೋಗಬೇಡಿ. ಚರಂಡಿ ನೀರು ಸೇರುವ ಕೆರೆಯ ಹೂಳು ತರಕಾರಿಗೆ ಬೇಡವೇ ಬೇಡ. ಬಂದ ಎರಡಕ್ಕೂ ಅಮ್ಮ ನಿಂಬೆಹಣ್ಣು ಹಿಂಡಿ ನೋಡಿ ಇಳಿಸಿಕೊಂಡರು.

ಇನ್ನು ಗೊಬ್ಬರ. ಟೊಮೆಟೊಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಅನ್ನುವುದು ಶಿಫಾರಸು. ಚದರ ಮೀಟರಿಗೆ ಎರಡೂವರೆ ಕೆಜಿ ಬೀಳುತ್ತದೆ. ಅದು ಹದವಾಗಿರುವ ಹೊಲದ ಲೆಕ್ಕ. ಇಂಗಾಲ 0.28 ಇರುವ ಕಡೆ ಅಷ್ಟರಲ್ಲಿ ಏನೂ ಆಗುವುದಿಲ್ಲ. ಮಡಿಗಳ ಮೇಲೆ ಎರಡು ಇಂಚು ದಪ್ಪ ಹರಡಿ ಮೇಲಿನ ಮುಕ್ಕಾಲು ಅಡಿಗೆ ಕಲಸಿದೆವು. ಪೂರ್ತಿ ಕಳಿತ ಗೊಬ್ಬರ, ಮೂಸಿದರೆ ಮೊದಲ ಮಳೆಯ ನೆಲದ ವಾಸನೆ ಬರಬೇಕು, ಸಗಣಿ ವಾಸನೆ ಬರಬಾರದು. ಹಸಿ ಕೋಳಿ ಗೊಬ್ಬರ ಅಗ್ಗಕ್ಕೆ ಸಿಗುತ್ತಿತ್ತು, ಬೇಡ ಎಂದೆ. ಅದರ ಉಪ್ಪು ಮತ್ತು ಅಮೋನಿಯಾ ಎಳೆ ಬೇರನ್ನು ಸುಡುತ್ತದೆ. ಜೊತೆಗೆ ಅದರಲ್ಲಿ ರಂಜಕ ಹೆಚ್ಚು. ಇಲ್ಲಿ ರಂಜಕ ಮೊದಲೇ ತುಂಬಿ ತುಳುಕುತ್ತಿತ್ತು. ಬೂದಿ, ಸುಣ್ಣ, ಚಿಪ್ಪು, ಡಿಎಪಿ ಎಲ್ಲ ಬಂದ್.

ಅಮ್ಮನಿಗೆ ಅವತ್ತೇ ಸಸಿ ನೆಡುವ ಆತುರ. ನನ್ನ ಹಟ ಒಂದೇ ಆಗಿತ್ತು, ಮೊದಲು ಹಸಿರೆಲೆ ಗೊಬ್ಬರಕ್ಕೆ ಸೆಣಬು. ಭರಣಿ ಮಳೆಯ ಹದಕ್ಕೆ ಎರಡೂ ಮಡಿಗೆ ದಟ್ಟವಾಗಿ ಚೆಲ್ಲಿದೆವು. ಸೆಣಬಿನ ತಾಯಿಬೇರು ನಾವು ಹಾರೆಯಲ್ಲಿ ಸಡಿಲ ಮಾಡಿದ ಜಾಗದೊಳಗೆ ಇಳಿದು ದಾರಿ ಮಾಡುತ್ತದೆ. ಆ ಬೇರು ಕೊಳೆತ ಮೇಲೆ ಉಳಿಯುವ ತೂತಿನಲ್ಲಿ ನೀರು, ಗಾಳಿ, ಮುಂದಿನ ಬೆಳೆಯ ಬೇರು ಎಲ್ಲ ಇಳಿಯುತ್ತವೆ. ಗಂಟುಗಳಲ್ಲಿ ಸಾರಜನಕ ಹಿಡಿಯುವುದು ಇನ್ನೊಂದು ಲಾಭ. ನೀರು ನಿಲ್ಲುವ ಚೌಳು ನೆಲವಾಗಿದ್ದರೆ ಡಯಾಂಚ ಎಂಬ ಇನ್ನೊಂದು ಹಸಿರೆಲೆ ಗೊಬ್ಬರದ ಗಿಡ ಹಾಕುತ್ತಿದ್ದೆ. 45 ದಿನದ ಹೊತ್ತಿಗೆ ಎದೆಯುದ್ದ ಬಂದು ಹೂ ಬಿಡಲು ಶುರುವಾಯಿತು. ಹೂವಿನ ಹಂತ ದಾಟಿದರೆ ಕಾಂಡ ನಾರಾಗುತ್ತದೆ, ಬೇಗ ಕೊಳೆಯುವುದಿಲ್ಲ, ಕೊಳೆಯುವಾಗ ಇರುವ ಸಾರಜನಕವನ್ನೂ ಮಣ್ಣಿನ ಜೀವಿಗಳೇ ತಿಂದುಬಿಡುತ್ತವೆ. ಕುಡುಗೋಲಿನಲ್ಲಿ ಕತ್ತರಿಸಿ, ತುಂಡು ಮಾಡಿ, ಮೇಲ್ಮಣ್ಣಿಗೆ ಸೇರಿಸಿ ಎರಡು ಮೂರು ವಾರ ಬಿಟ್ಟೆವು. "ಚೆನ್ನಾಗಿ ಬೆಳೆದ ಮೊದಲ ಗಿಡ, ಅದನ್ನೂ ಕಡಿಸಿಬಿಟ್ಟಿರಿ" ಎಂದು ಅಮ್ಮ ಅಂದದ್ದು ನಿಜ.

ಬೆಳೆ

ಜುಲೈಯಲ್ಲಿ ಒಂದು ಮಡಿಗೆ ಮಾತ್ರ ಟೊಮೆಟೊ. ಇನ್ನೊಂದಕ್ಕೆ ಅಲಸಂದೆ. ತಳಿ ಕೇಳಿದ್ದರಲ್ಲ, ಅದಕ್ಕೆ ಉತ್ತರ ಇಲ್ಲಿ ಬಂತು: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆಮುದುರು ನಂಜು, ಸೊರಗು ರೋಗ, ಬೇಗ ಬರುವ ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಎರಡು ಸಾಲು, ಎರಡೆರಡು ಅಡಿಗೆ ಒಂದರಂತೆ 18 ಸಸಿ. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ, ಅಂಚಿಗೆ ಚೆಂಡು ಹೂ. ಸಸಿಯ ಕಾಂಡ ಮೊದಲ ಎಲೆಯ ತನಕ ಮಣ್ಣೊಳಗೆ ಹೋಗುವ ಹಾಗೆ ನೆಟ್ಟೆವು. ಟೊಮೆಟೊ ಕಾಂಡ ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ.

ನೀರಿನ ಕ್ರಮ ಬದಲಾಯಿಸಿದ್ದು ಅಗೆತದಷ್ಟೇ ಕೆಲಸಕ್ಕೆ ಬಂತು. ಮನೆಯ ಬೋರ್‌ವೆಲ್ ನೀರು ಗಡಸು. ನಲ್ಲಿಯ ಬಾಯಿಗೆ ಬಿಳಿ ಕಲೆ ಕಟ್ಟುವ ನೀರು ಮಣ್ಣಿಗೂ ಅದೇ ಸುಣ್ಣ ತರುತ್ತದೆ. ತಾರಸಿಯ ಮಳೆನೀರಿಗೆ ಎರಡು ಡ್ರಮ್ ಇಟ್ಟರು, ಸಾಲದಾಗ ನಲ್ಲಿಯ ನದಿ ನೀರು. ಒಂದು ಸಾಲಿಗೆ ಒಂದು ಹನಿ ನೀರಾವರಿ ಕೊಳವೆ. ಮೈದುನ ಮಂಡ್ಯ ಕಡೆಯಿಂದ ಕಾರಿನ ಡಿಕ್ಕಿ ತುಂಬ ಒಣ ಕಬ್ಬಿನ ತರಗು ತಂದುಕೊಟ್ಟರು. ಅದನ್ನು ಮೂರು ಇಂಚು ದಪ್ಪ ಹೊದಿಸಿದೆವು, ಬುಡದಿಂದ ಒಂದು ಗೇಣು ಬಿಟ್ಟು. ಹೊದಿಕೆ ಇದ್ದ ಮೇಲೆ ಮಳೆ ಹನಿ ಮಣ್ಣಿಗೆ ನೇರ ಬಡಿಯುವುದಿಲ್ಲ, ಮೇಲೆ ಪದರ ಕಟ್ಟುವುದಿಲ್ಲ, ಮಣ್ಣು ಎಲೆಗೆ ಸಿಡಿಯುವುದೂ ತಪ್ಪುತ್ತದೆ.

ಆದರೂ ನೆಟ್ಟ ತಿಂಗಳಿಗೆ ಸುಳಿ ಸ್ವಲ್ಪ ಹಳದಿ ತಿರುಗಿತು. ನಿರೀಕ್ಷೆ ಇತ್ತು. ಸುಣ್ಣದ ಮಣ್ಣಿಗೆ ಕಬ್ಬಿಣ ಸುರಿದರೆ ಅಲ್ಲೇ ಕಟ್ಟಿಕೊಳ್ಳುತ್ತದೆ, ಎಲೆಗೇ ಕೊಡಬೇಕು. ಹೆಸರಘಟ್ಟದವರದೇ ಅರ್ಕಾ ವೆಜಿಟಬಲ್ ಸ್ಪೆಷಲ್ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಕರಗಿಸಿ, ನಿಂಬೆರಸ ಹಿಂಡಿ, ಎಲೆಗೆ ಅಂಟಲಿ ಅಂತ ಒಂದು ಶಾಂಪೂ ಪೊಟ್ಟಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದೆವು. ಹೊಸ ಎಲೆ ಹಸಿರಾಗಿ ಬಂತು. ಹಳದಿಯಾದ ಹಳೇ ಎಲೆ ಪೂರ್ತಿ ಸರಿಹೋಗಲಿಲ್ಲ.

ಮೊದಲ ಮಡಿಯ ಫಸಲು ಸಾಧಾರಣ. ಮೊದಲ ಗೊಂಚಲಲ್ಲಿ ಕೆಲವು ಕಾಯಿ ಬುಡ ಕಪ್ಪಾದವು, ಆಮೇಲೆ ನಿಂತಿತು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಹಣ್ಣು ಬಿರಿದವು, ಕೆಳಗಿನ ಎಲೆಗಳಿಗೆ ಚುಕ್ಕೆ ಬಂತು. ಮೈಸೂರಿನಲ್ಲಿ ಆ ತಿಂಗಳು ಮಳೆ ಜೋರು, ಬೆಳೆ ಮಳೆಗೆ ಸಿಕ್ಕಿದ್ದಕ್ಕೆ ಮಣ್ಣನ್ನು ಬೈದು ಫಲವಿಲ್ಲ. ನನಗೆ ಬೇಕಿದ್ದದ್ದು ಬೇರೆ: ಅಷ್ಟು ಮಳೆಗೂ ಮಡಿಯಲ್ಲಿ ನೀರು ನಿಲ್ಲಲಿಲ್ಲ. ಅಲಸಂದೆ ಕಿತ್ತು ಅಕ್ಟೋಬರ್ ಕೊನೆಗೆ ಎರಡನೇ ಮಡಿಗೆ ನೆಟ್ಟ ಟೊಮೆಟೊ ಚೆನ್ನಾಗಿ ಬಂತು. ಹಗಲು ಹದ ಬಿಸಿಲು, ರಾತ್ರಿ ತಂಪು. ಜನವರಿಯಲ್ಲಿ ಗಿಡಕ್ಕೆ ಎರಡು ಕೆಜಿ ಲೆಕ್ಕದಲ್ಲಿ ಹಣ್ಣು ಸಿಕ್ಕಿತು. ಗೊಜ್ಜು ಮಾಡಿ ಅಕ್ಕಪಕ್ಕಕ್ಕೆಲ್ಲ ಹಂಚಿದರು. ಗಿಡ ಕಿತ್ತಾಗ ಬೇರು ಒಂದು ಮೊಳಕ್ಕೂ ಮಿಕ್ಕಿ ನೇರ ಇಳಿದಿತ್ತು.

ಏಪ್ರಿಲ್‌ನಲ್ಲಿ ಮತ್ತೆ ಮಣ್ಣು ಕೊಟ್ಟರು. ರಸಸಾರ 7.9, ಸಾವಯವ ಇಂಗಾಲ 0.61, ಸತು ಸಾಕಷ್ಟು, ರಂಜಕ ಇನ್ನೂ ಜಾಸ್ತಿ. 7.9 ಅನ್ನುವುದು ಟೊಮೆಟೊಗೆ ಸ್ವಲ್ಪ ಏರೇ. ಆದರೆ ಇಂಗಾಲ ಇರುವ, ಗಾಳಿಯಾಡುವ ಮಣ್ಣಿನಲ್ಲಿ ಗಿಡ ಸಂಭಾಳಿಸುತ್ತದೆ. ಇಂಗಾಲ ಏರಿದ್ದು ಹಾಗೇ ನಿಲ್ಲುವುದಿಲ್ಲ. ನಮ್ಮ ಬಿಸಿಲಿಗೆ ಅದು ಬೇಗ ಕರಗುತ್ತದೆ, ಪ್ರತಿ ಬೆಳೆಗೂ ಒಂದು ಇಂಚು ಗೊಬ್ಬರ ಹಾಕುತ್ತಲೇ ಇರಬೇಕು. ಅದಕ್ಕೆ ಅಮ್ಮ ಹಿತ್ತಲಲ್ಲಿ ಅಡುಗೆಮನೆ ಕಸಕ್ಕೂ ಒಣ ಎಲೆಗೂ ಎರಡು ತೊಟ್ಟಿ ಮಾಡಿಸಿಕೊಂಡಿದ್ದಾರೆ. ಡಿಎಪಿ ಚೀಲಕ್ಕೆ ಇನ್ನು ಕೆಲವು ವರ್ಷ ಕೆಲಸ ಇಲ್ಲ.

ಈ ಮುಂಗಾರಿಗೆ ಎರಡು ಮಡಿಗೂ ಟೊಮೆಟೊ ಹಾಕುವುದಿಲ್ಲ. ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ, ಅವೆಲ್ಲ ಒಂದೇ ಕುಟುಂಬ, ರೋಗವೂ ಒಂದೇ. ಒಂದಕ್ಕೆ ಹುರುಳಿಕಾಯಿ, ಇನ್ನೊಂದಕ್ಕೆ ದಂಟು, ಪಾಲಕ್ ಅಂತ ಮೇಷ್ಟ್ರು ಬೀಜ ತಂದಿಟ್ಟಿದ್ದಾರೆ. ಟೊಮೆಟೊ ಸಸಿ ಅಕ್ಟೋಬರಿಗೆ.